ಮೂರನೇ ಅಡ್ಡರಸ್ತೆಯ ಕೆಂಪು ಬೋರ್ಡು

ಹೊಸದುರ್ಗದ ಕಲ್ಲೇಶ್ವರ ಬಡಾವಣೆಯಲ್ಲಿ ಆ ಕೆಂಪು ಬೋರ್ಡು ನೆಟ್ಟ ದಿನ ಅದನ್ನು ನೋಡಲು ಜನ ಸೇರಿದ್ದರು. ನೋಡುವಂಥದ್ದೇನೂ ಇರಲಿಲ್ಲ. ಒಂದು ಕಬ್ಬಿಣದ ಕಂಬ, ಅದರ ನೆತ್ತಿಯ ಮೇಲೆ ಎಂಟು ಮೂಲೆಯ ಕೆಂಪು ತಗಡು, ತಗಡಿನ ಮೇಲೆ ‘ನಿಲ್ಲಿ’ ಎಂದು ಬಿಳಿ ಅಕ್ಷರ. ಅದರ ಕೆಳಗೆ ಇನ್ನೊಂದು ದುಂಡಗಿನ ತಗಡು, ಅದರಲ್ಲಿ ಇಪ್ಪತ್ತು ಎಂಬ ಅಂಕೆ. ಅಂಥ ಬೋರ್ಡನ್ನು ಅಲ್ಲಿಯ ಜನ ಲೈಸೆನ್ಸ್ ಮಾಡಿಸಲು ಹೋದಾಗ ಗೋಡೆಯ ಚಾರ್ಟಿನಲ್ಲಿ ನೋಡಿದ್ದರೇ ಹೊರತು ತಮ್ಮ ರಸ್ತೆಯಲ್ಲಿ ಕಂಡವರಲ್ಲ.

“ನಿಲ್ಲಿ ಅಂತ ಬರ್ದವ್ರೆ. ಹೊರಡಿ ಅಂತ ಯಾರು ಹೇಳ್ತಾರೆ?” ಎಂದು ಒಬ್ಬ ಕೇಳಿದ. ನಾಲ್ಕು ಜನ ನಕ್ಕರು. ರೇವಣಸಿದ್ದಪ್ಪ ಅಲ್ಲೇ ಪಕ್ಕದಲ್ಲಿ ನಿಂತಿರುವುದು ಕಂಡಮೇಲೆ ನಗು ಬಾಯಲ್ಲೇ ಉಳಿಯಿತು.

ಒಂದು ವರ್ಷದ ಹಿಂದಾಗಿದ್ದರೆ ಅವನೂ ನಗುತ್ತಿದ್ದ. ನಗಿಸುವವನೇ ಅವನಾಗಿದ್ದ. ಪೇಟೆಯಲ್ಲಿ ಅವನದು ಪಾತ್ರೆ ಅಂಗಡಿ. ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರೆಲ್ಲ ಅವನಲ್ಲಿ ಕೊಳಗವನ್ನೋ ತಟ್ಟೆಯನ್ನೋ ಕೊಂಡು ಅಲ್ಲೇ ಹೆಸರು ಹಾಕಿಸುತ್ತಿದ್ದರು. ಗುಂಯ್ ಎನ್ನುವ ಸಣ್ಣ ಯಂತ್ರ ಹಿಡಿದು ಸ್ಟೀಲಿನ ಮೇಲೆ ದುಂಡಗೆ ಹೆಸರು ಕೆತ್ತುತ್ತ, “ಇಷ್ಟುದ್ದ ಹೆಸ್ರಿಟ್ಕಂಡು ಇಷ್ಟು ಸಣ್ಣ ಚೊಂಬು ಕೊಡ್ತೀರಲ್ರೀ” ಎಂದು ಗಿರಾಕಿಯ ಕಾಲೆಳೆಯುತ್ತಿದ್ದ. ಮಗಳು ಹೋದಮೇಲೆ ಮಾತೂ ಹೋಯಿತು, ಅಕ್ಷರವೂ ಸ್ವಲ್ಪ ನಡುಗತೊಡಗಿತು.

ಚೈತ್ರಾ ಒಂಬತ್ತನೇ ತರಗತಿಯಲ್ಲಿದ್ದಳು. ಸಂಕ್ರಾಂತಿ ಕಳೆದ ಮೂರನೇ ದಿನ ಬೆಳಗ್ಗೆ ಟ್ಯೂಷನ್ ಮುಗಿಸಿ ಸೈಕಲ್ ಮೇಲೆ ಬರುತ್ತಿದ್ದಳು. ಮನೆ ಇನ್ನು ಮೂರು ಮನೆಯಾಚೆಗಿತ್ತು. ಮೂರನೇ ಅಡ್ಡರಸ್ತೆಯ ಮೂಲೆಯಲ್ಲಿ ಒಂದು ಕಾರು ಅವಳನ್ನು ಗುದ್ದಿತು. ಕಾರಿನವನಿಗೆ ಮದುವೆ ಮುಹೂರ್ತಕ್ಕೆ ತಡವಾಗಿತ್ತಂತೆ, ಅದಕ್ಕೆ ಒಳರಸ್ತೆ ಹಿಡಿದಿದ್ದನಂತೆ. ಆ ರಸ್ತೆಯ ತೊಂದರೆಯೇ ಅದು. ಅಲ್ಲಿ ಗದ್ದಲವಿಲ್ಲ, ದನವಿಲ್ಲ, ಅಂಗಡಿಯಿಲ್ಲ. ಖಾಲಿ ಕಂಡ ರಸ್ತೆಯಲ್ಲಿ ಗಾಡಿ ಓಡಿಸದೆ ಇರುವುದು ನಮ್ಮ ಜನಕ್ಕೆ ಯಾವಾಗಲಾದರೂ ಸಾಧ್ಯವಾಗಿದೆಯೇ?

ಠಾಣೆಯಲ್ಲಿ ಆ ಕಾರಿನವನು ಹೇಳಿದ ಮಾತು ರೇವಣಸಿದ್ದಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತಿತು. “ಅಲ್ಲಿ ಒಂದು ಬೋರ್ಡಿಲ್ಲ, ಒಂದು ಹಂಪಿಲ್ಲ. ಅಡ್ಡರಸ್ತೆ ಐತೆ ಅಂತ ನನಗೇನು ಕನಸು ಬಿದ್ದಿತ್ತಾ ಸಾರ್?”

ಹನ್ನೊಂದನೇ ದಿನ ಎಲ್ಲ ಮುಗಿದು ನೆಂಟರು ಹೊರಟಮೇಲೆ ಅವನು ಹೆಂಡತಿ ಮಹಾದೇವಮ್ಮನಿಗೆ ಹೇಳಿದ. “ಇನ್ನೊಂದು ಜೀವ ಆ ಮೂಲೇಲಿ ಹೋಗಬಾರ್ದು. ಇನ್ನೊಬ್ಬ ಡ್ರೈವರ್ ಬಾಯಲ್ಲಿ ಆ ಮಾತು ಬರಬಾರ್ದು. ಅಷ್ಟು ಮಾಡಿಯೇ ನಾನು ಸುಮ್ಮನಾಗೋದು.” ಮಹಾದೇವಮ್ಮ ಮಗಳ ಸಮವಸ್ತ್ರವನ್ನು ಮಡಿಸಿದ್ದೇ ಮಡಿಸುತ್ತಿದ್ದಳು.

ಅದಕ್ಕಾಗಿ ಪುರಸಭೆಯ ಆಫೀಸಿಗೆ ಅಲೆಯುವಾಗ ಅವನ ಜೊತೆಗಿದ್ದವಳು ಏಕಾಂತಮ್ಮ. ರಸ್ತೆಯಾಚೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಶಾಲೆಯ ಹಿಂದಿನ ಕಾಲೋನಿಯವಳು. ಆ ದಿನ ಚೈತ್ರಾ ಬಿದ್ದಾಗ ಎಲ್ಲರಿಗಿಂತ ಮೊದಲು ಓಡಿಬಂದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಅವಳೇ. ಅವಳ ಸೀರೆಗೆ ಹತ್ತಿದ ರಕ್ತ ಹೋಗಲಿಲ್ಲವಂತೆ. ಆ ಸೀರೆಯನ್ನು ಅವಳು ಬಿಸಾಡಲೂ ಇಲ್ಲ. ಮಕ್ಕಳಿಲ್ಲದ ಹೆಂಗಸು, ಆದರೆ ಇನ್ನೂರು ಮಕ್ಕಳಿಗೆ ಬಡಿಸುವ ಕೈ. ಮಗಳ ಹೆಸರಿನಲ್ಲಿ ರೇವಣಸಿದ್ದಪ್ಪ ಶಾಲೆಗೆ ಅರವತ್ತು ತಟ್ಟೆ ಕೊಟ್ಟಾಗ ಒಂದೊಂದು ತಟ್ಟೆಯ ಮೇಲೂ ‘ಚೈತ್ರಾ’ ಎಂದು ಕೆತ್ತಿದ್ದ. ಆ ತಟ್ಟೆಗಳನ್ನು ಅವಳು ಬೇರೆ ಯಾರ ಕೈಗೂ ತೊಳೆಯಲು ಕೊಡುತ್ತಿರಲಿಲ್ಲ.

ಇಬ್ಬರೂ ಮನೆಮನೆಗೆ ಹೋಗಿ ಸಹಿ ಮಾಡಿಸಿದರು. ಅವನು ಹೋದರೆ ಜನ ಅಯ್ಯೋ ಪಾಪ ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದರು. ಅವಳು ಹೋದರೆ ಹೆಬ್ಬೆಟ್ಟು ಒತ್ತಿಸಿಕೊಂಡೇ ಬರುತ್ತಿದ್ದಳು. ಮೊದಲು ಕೇಳಿದ್ದು ಹಂಪು. ಆದರೆ ಅಷ್ಟರಲ್ಲಿ ಬಡಾವಣೆಯ ಉತ್ಸಾಹಿಗಳು ಯಾರದೋ ಮನೆಯ ಮೋಲ್ಡಿಗೆ ಕಲಸಿ ಮಿಕ್ಕಿದ ಕಾಂಕ್ರೀಟ್ ತಂದು ತಾವೇ ಮೊಣಕಾಲೆತ್ತರ ಒಂದು ದಿಬ್ಬ ಮಾಡಿದರು. ವಾರದೊಳಗೆ ಹಾಲಿನವನು ಅದರ ಮೇಲೆ ಹಾರಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ದಿಬ್ಬ ಒಡೆಸಿದ ಎಂಜಿನಿಯರು ಇವರನ್ನು ಕೂರಿಸಿಕೊಂಡು, “ಹಂಪ್ ಬ್ಯಾಡ ಯಜಮಾನ್ರೆ. ನಿಲ್ಲೋ ಬೋರ್ಡು ಹಾಕಾಣ, ವೇಗ ಇಪ್ಪತ್ತಕ್ಕೆ ಇಳಿಸಾಣ. ಪೊಲೀಸ್ ಒಪ್ಪಿಗೆ ಬೇಕು, ಸ್ವಲ್ಪ ತಾಳ್ಮೆ ತಕ್ಕಳ್ರಿ” ಎಂದ. ಒಳ್ಳೆಯವನೇ. ಹೇಳಿದಂತೆ ನಡೆದುಕೊಂಡ. ಕಾಗದ ಹೋಗಬೇಕಾದ ಕಡೆಗೆಲ್ಲ ಹೋಗಿ, ಬರಬೇಕಾದ ದಾರಿಯಲ್ಲೆಲ್ಲ ಬಂದು, ಕಾರ್ತೀಕ ಮಾಸದಲ್ಲಿ ಬೋರ್ಡು ಬಂತು.

ಮತ್ತು ಬೋರ್ಡು ಕೆಲಸ ಮಾಡಿತು. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ನಡೆದದ್ದಕ್ಕೆ ಬೋರ್ಡಿನ ಮೇಲೆ ತಪ್ಪು ಹೊರಿಸಿದವರಿದ್ದಾರೆ. ಮೊದಲ ವಾರ ನಾಚಿಕೊಂಡು ನಿಂತರು, ಎರಡನೇ ವಾರ ರೂಢಿಯಿಂದ ನಿಂತರು. ಆಟೋದವರು ನಿಂತರು, ಗ್ಯಾಸ್ ಸಿಲಿಂಡರಿನ ಗಾಡಿ ನಿಂತಿತು, ಮೊಪೆಡ್ ಮೇಲೆ ಹುಲ್ಲು ಹೇರಿಕೊಂಡು ಬರುವ ಮುದುಕ ಒಂದು ಕಾಲು ಊರಿ ಆ ಕಡೆ ಈ ಕಡೆ ನೋಡಿ ಹೋಗುತ್ತಿದ್ದ. ‘ಚೈತ್ರನ ಬೋರ್ಡು’ ಎಂದು ಅದಕ್ಕೆ ಹೆಸರೇ ಬಿತ್ತು. ಭಾನುವಾರ ರೇವಣಸಿದ್ದಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಗಾಡಿ ನಿಲ್ಲುವುದನ್ನು ನೋಡುತ್ತ ಕೂರುತ್ತಿದ್ದ. ಒಂದೊಂದು ಗಾಡಿ ನಿಂತಾಗಲೂ ಅವನಿಗೆ ಹೊಟ್ಟೆಗೆ ತಣ್ಣೀರು ಬಿದ್ದಂತಾಗುತ್ತಿತ್ತು. ಅವನ ಬದುಕಿನಲ್ಲಿ ಉಳಿದಿದ್ದ ಸುಖ ಅದೊಂದೇ.

ಹೀಗಿರುವಾಗ ಸಂಕ್ರಾಂತಿ ಮತ್ತೆ ಬಂತು. ಮಗಳ ವರ್ಷದ ಪುಣ್ಯಸ್ಮರಣೆ. ಈಗ ನಮ್ಮ ಊರುಗಳಲ್ಲಿ ಹುಟ್ಟಿದರೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು. ಅವನೂ ಮಾಡಿಸಿದ. ನಾಲ್ಕಡಿ ಎತ್ತರ, ಆರಡಿ ಅಗಲ. ನಡುವೆ ಎರಡು ಜಡೆ ಹಾಕಿಕೊಂಡು ನಗುತ್ತಿರುವ ಚೈತ್ರಾ, ಕೆಳಗೆ ಹುಟ್ಟಿದ ತಾರೀಕು, ಶಿವೈಕ್ಯಳಾದ ತಾರೀಕು, ಅಪ್ಪ ಅಮ್ಮನ ನಾಲ್ಕು ಸಾಲು.

“ನಮ್ಮ ಗೇಟಿಗೇ ಕಟ್ರಿ” ಎಂದಳು ಮಹಾದೇವಮ್ಮ.

“ಇಲ್ಲ. ಅವಳು ಬಿದ್ದ ಜಾಗದಾಗೇ ಇರ್ಬೇಕು. ಮಗೀನ ಮುಖ ನೋಡಿದ್ರೆ ಎಂಥವನೂ ಬ್ರೇಕ್ ಒತ್ತತಾನೆ. ಬೋರ್ಡಿಗೇನು ಕಣ್ಣು ಐತಾ, ಮೂಗು ಐತಾ?”

ಬೋರ್ಡಿನ ಕಂಬಕ್ಕೂ ಪಕ್ಕದ ಲೈಟ್ ಕಂಬಕ್ಕೂ ಹಗ್ಗ ಬಿಗಿದು ಅವನೇ ಕಟ್ಟಿದ. ಕೆಳಗಿಳಿದು ರಸ್ತೆಯಿಂದ ನೋಡಿದ. ಮಗಳ ಹಣೆಯ ಹಿಂದೆ ‘ನಿಲ್ಲಿ’ ಮುಚ್ಚಿಹೋಗಿತ್ತು, ಕೊರಳ ಹಿಂದೆ ಇಪ್ಪತ್ತು ಮುಚ್ಚಿಹೋಗಿತ್ತು. ಅವನಿಗೆ ಕಾಣಲಿಲ್ಲವೆಂದಲ್ಲ. ಕಂಡಿತು. ಮೂರು ದಿನ ತಾನೆ, ಬಿಚ್ಚಿದರಾಯಿತು ಅಂದುಕೊಂಡ.

ಮೂರನೇ ದಿನ ಸ್ಟೂಲ್ ಇಟ್ಟುಕೊಂಡು ಹತ್ತಿದ. ಮೇಲಿನ ಒಂದು ಗಂಟು ಬಿಚ್ಚಿದ್ದೇ ತಡ, ಫ್ಲೆಕ್ಸಿನ ಮೂಲೆ ಮಡಚಿಕೊಂಡು ಚೈತ್ರಾಳ ಮುಖದ ಮೇಲೆ ಬಿತ್ತು. ಬಿಳಿ ಬಟ್ಟೆ ಮುಖದ ಮೇಲೆ ಬಿದ್ದದ್ದನ್ನು ಅವನು ಆ ಒಂದು ಸಲ ನೋಡಿದ್ದ, ಆಸ್ಪತ್ರೆಯಲ್ಲಿ. ಗಂಟನ್ನು ಮತ್ತೆ ಮೊದಲಿಗಿಂತ ಬಿಗಿಯಾಗಿ ಹಾಕಿ ಇಳಿದುಬಿಟ್ಟ. ನಾಳೆ ಬಿಚ್ಚುತ್ತೇನೆ ಎಂದ. ಆ ನಾಳೆ ಬರಲಿಲ್ಲ.

ಬೇರೆ ಯಾರಾದರೂ ಬಿಚ್ಚಬಹುದಿತ್ತು. ಫ್ಲೆಕ್ಸ್ ತೆಗೆಯುವ ಗಾಡಿಯವರು ಒಂದು ದಿನ ಬಂದು ಯಾರದೋ ಹುಟ್ಟುಹಬ್ಬದ್ದೆರಡು, ಕೋಚಿಂಗ್ ಸೆಂಟರಿನದೊಂದು ಹರಿದುಕೊಂಡು ಹೋದರು. ಇದರ ಮುಂದೆ ಬಂದಾಗ ಒಬ್ಬ ಕೈಮುಗಿದ, ಇನ್ನೊಬ್ಬ ಗಾಡಿ ಮುಂದೆ ಹೊಡಿ ಎಂದ. ಸತ್ತ ಮಗುವಿನ ಮುಖವನ್ನು ಹರಿಯುವ ಕೈ ಯಾರಿಗಿದೆ? ಬಡಾವಣೆಯವರಿಗಂತೂ ಬೋರ್ಡು ಮುಚ್ಚಿದ್ದು ಒಂದು ಸುದ್ದಿಯೇ ಆಗಲಿಲ್ಲ. ಅವರು ಆ ಮೂಲೆಗೆ ಬಂದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಗೊತ್ತಿದ್ದವರಿಗೆ ಬೋರ್ಡು ಬೇಕಿರಲಿಲ್ಲ, ಬೇಕಾದವರು ಅಲ್ಲಿಗೆ ಇನ್ನೂ ಬಂದಿರಲಿಲ್ಲ.

ಹೇಳಿದವಳು ಒಬ್ಬಳೇ. ಒಂದು ಸಂಜೆ ಏಕಾಂತಮ್ಮ ಶಾಲೆ ಮುಗಿಸಿ ಗೇಟಿನ ಹತ್ತಿರ ಬಂದು ನಿಂತಳು.

“ಅಣ್ಣಾ, ಒಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕಬ್ಯಾಡ್ರಿ.”

“ಹೇಳಮ್ಮ.”

“ಬೋರ್ಡು ಮುಚ್ಚೈತೆ. ಫೋಟೋನ ಒಂಚೂರು ಕೆಳಗೆ ಇಳಿಸಿ ಕಟ್ಟಿದ್ರೆ...”

“ಕೆಳಗೆ ಇಳಿಸಿದ್ರೆ ನೆಲಕ್ಕೆ ತಾಗ್ತೈತೆ. ನಾಯಿ ಬಂದು ಕಾಲೆತ್ತತವೆ. ಆಗ್ಬೋದಾ?”

“ಹಂಗಲ್ಲಣ್ಣಾ.”

“ಎಲ್ಲಾರೂ ನಿಲ್ತಾ ಅವ್ರಲ್ಲ. ನೋಡ್ತಾ ಇದ್ದೀಯಲ್ಲ.”

“ನಮ್ಮೋರು ನಿಲ್ತಾರೆ” ಎಂದಳು ಅವಳು ಮೆಲ್ಲಗೆ.

ಅವನಿಗೆ ಎಲ್ಲಿತ್ತೋ ಸಿಟ್ಟು. “ನಿನ್ನ ಹೊಟ್ಟೇಲಿ ಒಂದು ಹುಟ್ಟಿದ್ದಿದ್ರೆ ನಿಂಗೂ ಗೊತ್ತಾಗ್ತಿತ್ತು ಏಕಾಂತಮ್ಮ” ಎಂದುಬಿಟ್ಟ.

ಅವಳು ಸೆರಗು ಸರಿಮಾಡಿಕೊಂಡು, ಕೆಳಗಿಟ್ಟಿದ್ದ ಚೀಲ ಎತ್ತಿಕೊಂಡು ಹೊರಟಳು. ಕಂಬದ ಹತ್ತಿರ ಒಂದು ಗಳಿಗೆ ನಿಂತು ಚೈತ್ರಾಳ ಮುಖ ನೋಡಿ ರಸ್ತೆ ದಾಟಿದಳು. ಮತ್ತೆ ಯಾವತ್ತೂ ಆ ಮಾತೆತ್ತಲಿಲ್ಲ. ಆ ಮಾತು ಆಡಿದ ಮರುಕ್ಷಣವೇ ರೇವಣಸಿದ್ದಪ್ಪನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಗಿತ್ತು. ಕರೆದು ಕ್ಷಮಿಸು ಅನ್ನುವುದು ಎಷ್ಟು ಹೊತ್ತಿನ ಕೆಲಸ? ಅದೂ ನಾಳೆಗೆ ಹೋಯಿತು.

ಶಿವರಾತ್ರಿ ಕಳೆದ ವಾರ ದೊಡ್ಡ ರಸ್ತೆಯಲ್ಲಿ ಚರಂಡಿಗೆ ಅಗೆದರು. ಗಾಡಿಗಳು ದಾರಿ ಹುಡುಕಿಕೊಂಡು ಒಳರಸ್ತೆಗೆ ನುಗ್ಗಿದವು. ಫ್ಲೆಕ್ಸ್ ಕಟ್ಟಿ ಮೂವತ್ತನಾಲ್ಕನೇ ದಿನ, ಬೆಳಗ್ಗೆ ಎಂಟೂವರೆ. ರೇವಣಸಿದ್ದಪ್ಪ ಪೂಜೆಗೆ ಕೂತಿದ್ದ. ಅಂಗೈಯಲ್ಲಿ ಲಿಂಗವಿತ್ತು, ಕಣ್ಣು ಮುಚ್ಚಿತ್ತು. ಮೊದಲು ಗುದ್ದಿದ ಸದ್ದು, ಆಮೇಲೆ ಬ್ರೇಕಿನ ಸದ್ದು. ಆ ಎರಡು ಸದ್ದು ಆ ಕ್ರಮದಲ್ಲಿ ಬಂದರೆ ಏನರ್ಥವೆಂದು ಆ ಬೀದಿಯಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಓಡಿಹೋದಾಗ ಒಂದು ಪಿಕಪ್ ರಸ್ತೆಗೆ ಅಡ್ಡ ನಿಂತಿತ್ತು. ದಾಳಿಂಬೆ ಕ್ರೇಟುಗಳು ಕೆಳಗೆ ಬಿದ್ದು ಹಣ್ಣು ಚರಂಡಿಯವರೆಗೂ ಉರುಳಿದ್ದವು. ಅವುಗಳ ನಡುವೆ ಏಕಾಂತಮ್ಮ ಮಲಗಿದ್ದಳು. ಶಾಲೆಯ ಸಾರಿಗೆಂದು ತಂದ ಕರಿಬೇವಿನ ಕಂತೆ ಕೈಯಲ್ಲೇ ಇತ್ತು. ಅವನು ಕೂತು ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡ. ಮೇಲೆ ನೋಡಿದರೆ ಚೈತ್ರಾ ನಗುತ್ತಿದ್ದಳು. ಒಂದು ತಿಂಗಳ ಬಿಸಿಲಿಗೆ ಅವಳ ಕೆನ್ನೆಯ ಬಣ್ಣ ಮಾಸಲು ಶುರುವಾಗಿತ್ತು. ಆ ಕ್ಷಣದಲ್ಲಿ ಅವನು ಮಗಳ ಮುಖವನ್ನು ನೋಡಲಾರದೆ ತಲೆ ತಗ್ಗಿಸಿದ. ಹಾಗೆ ತಗ್ಗಿಸಬೇಕಾಗಿ ಬಂದದ್ದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ನೋವು.

ಆಂಬುಲೆನ್ಸಿನಲ್ಲಿ ಅವನೇ ಹೋದ. ಚಿತ್ರದುರ್ಗಕ್ಕೆ ಕರೆದೊಯ್ಯುವಾಗ ಹೊಳಲ್ಕೆರೆ ದಾಟುವ ಮೊದಲೇ ಏಕಾಂತಮ್ಮನ ಉಸಿರು ನಿಂತಿತು.

ಸಂಜೆ ಅವನು ವಾಪಸ್ ಬಂದಾಗ ಮೂಲೆಯಲ್ಲಿ ಕೆಂಪು ಬೋರ್ಡು ಫಳಫಳ ಕಾಣುತ್ತಿತ್ತು. ಫ್ಲೆಕ್ಸ್ ಇರಲಿಲ್ಲ. ಹೆಂಡತಿಯ ತಮ್ಮ ಶಿವಕುಮಾರಪ್ಪ ಜಗಲಿಯ ಮೇಲೆ ಕೂತಿದ್ದ. ಮತ್ತೋಡಿನಿಂದ ಅಕ್ಕನನ್ನು ನೋಡಲೆಂದು ಹಿಂದಿನ ದಿನವೇ ಬಂದಿದ್ದವನು.

“ಪೊಲೀಸ್ನೋರು ಬರೋಕೆ ಮುಂಚೇನೆ ಬಿಚ್ಚಿಟ್ಟೆ ಭಾವ. ಅಟ್ಟದ ಮೇಲೈತೆ” ಎಂದ ತಗ್ಗಿದ ದನಿಯಲ್ಲಿ. “ಅವ್ರು ಬೋರ್ಡಿನ ಫೋಟೋ ಹೊಡ್ಕಂಡು ಹೋದ್ರು. ಬೋರ್ಡು ಇದ್ರೂ ನಿಲ್ಲಿಸಿಲ್ಲ ಅಂತ ಡ್ರೈವರ್ ಮೇಲೆ ಕೇಸಾಗೈತೆ. ನೀನೇನೂ ಬಾಯಿ ಬಿಡಬ್ಯಾಡ.”

“ಬೋರ್ಡು ಕಾಣ್ತಿರ್ಲಿಲ್ಲ ಶಿವಕುಮಾರಪ್ಪ.”

“ಯಾರು ಹೇಳ್ತಾರೆ? ಬೀದಿಯೋರು ಯಾರೂ ಹೇಳಲ್ಲ. ಚೈತ್ರನ ಹೆಸ್ರು ಠಾಣೇಲಿ ಬರ್ಬೇಕಾ? ಅವಳಿಂದ ಒಬ್ರು ಸತ್ರು ಅಂತ ಬರ್ಸಬೇಕಾ?”

ಆ ಕೊನೆಯ ಮಾತು ಅವನ ಬಾಯಿಗೆ ಬೀಗ ಹಾಕಿತು. ಶಿವಕುಮಾರಪ್ಪ ಕೆಟ್ಟವನಲ್ಲ. ಅಕ್ಕನ ಮಗಳನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಪ್ರೀತಿ ಇದ್ದವರು ಮಾಡುವಷ್ಟು ಕೇಡನ್ನು ಒಂದೊಂದು ಸಲ ವೈರಿಗಳೂ ಮಾಡಲಾರರು.

ಮೂರನೇ ದಿನ ಸಾಕ್ಷಿ ಹೇಳಿಕೆಗೆಂದು ಕರೆ ಬಂತು. ಠಾಣೆಯ ಮೂಲೆಯ ಬೆಂಚಿನಲ್ಲಿ ಡ್ರೈವರ್ ಕೂತಿದ್ದ. ಎರ್ರಿಸ್ವಾಮಿ ಎಂದು ಹೆಸರು, ಹಿರಿಯೂರು ಕಡೆಯ ಯಲ್ಲದಕೆರೆಯವನು, ಮೂವತ್ತು ದಾಟಿರಲಿಲ್ಲ. ಹೊಸದುರ್ಗಕ್ಕೆ ಅದೇ ಮೊದಲ ಸಲ ಹಣ್ಣು ತಂದಿದ್ದನಂತೆ.

“ಬೋರ್ಡು ಇರ್ಲಿಲ್ಲ ಸಾರ್” ಎನ್ನುತ್ತಿದ್ದ. ಎಷ್ಟು ಸಲ ಹೇಳಿದ್ದನೋ, ದನಿ ಸವೆದುಹೋಗಿತ್ತು. “ಒಂದು ಹುಡುಗಿ ಫೋಟೋ ಇತ್ತು. ಇಷ್ಟು ಚಿಕ್ಕ ಹುಡುಗಿ, ಏನಾಗಿ ಹೋಯ್ತೋ ಪಾಪ ಅಂತ ಕೆಳಗಿನ ತಾರೀಕು ಓದ್ತಾ ಇದ್ದೆ. ಓದಿ ಮುಂದೆ ನೋಡೋದ್ರಾಗೆ ಆಯಮ್ಮ ಎದುರಿಗಿದ್ಲು.”

“ಎಂಥಾ ಫೋಟೋನೋ? ಪಂಚನಾಮೆ ಮಾಡ್ದಾಗ ಅಲ್ಲಿ ಎಂಥಾ ಫೋಟೋನೂ ಇರ್ಲಿಲ್ಲ” ಎಂದರು ಎಎಸ್‌ಐ ಹನುಮಂತಪ್ಪ. ತಮ್ಮ ಕಣ್ಣಿಗೆ ಕಂಡದ್ದನ್ನೇ ಅವರು ಹೇಳುತ್ತಿದ್ದರು. ರೇವಣಸಿದ್ದಪ್ಪನ ಕಡೆ ತಿರುಗಿ ಕೇಳಿದರು. “ನೀವು ಹೇಳ್ರಿ ಸಾವ್ಕಾರ್ರೆ. ಆ ಬೋರ್ಡು ಹಾಕ್ಸಿದ್ದೇ ನೀವಂತೆ. ಆ ದಿನ ಬೋರ್ಡು ಅಲ್ಲಿತ್ತೋ ಇಲ್ಲವೋ?”

ಎರ್ರಿಸ್ವಾಮಿ ತಲೆಯೆತ್ತಿ ಅವನನ್ನೇ ನೋಡಿದ. ಆ ಹುಡುಗನಿಗೆ ಇವನು ಯಾರೆಂದು ಗೊತ್ತಿರಲಿಲ್ಲ.

“ಇತ್ತು ಸಾರ್” ಎಂದ ರೇವಣಸಿದ್ದಪ್ಪ.

ಸುಳ್ಳಲ್ಲ. ಬೋರ್ಡು ಅಲ್ಲೇ ಇತ್ತು, ಮಗಳ ಹಣೆಯ ಹಿಂದೆ. ಅಷ್ಟು ನಿಜ ಹೇಳಿ ಸಹಿ ಹಾಕಿ ಎರ್ರಿಸ್ವಾಮಿಯ ಕಡೆ ನೋಡದೆ ಹೊರಗೆ ಬಂದ.

ಆಮೇಲೆ ಅಂಗಡಿಗೆ ಹೋಗುವುದು, ಬರುವುದು ನಡೆದಿತ್ತು. ಊಟಕ್ಕೆ ಕೂತರೆ ತಟ್ಟೆಯೊಳಗೆ ಕರಿಬೇವು ಕಂಡು ಎದ್ದುಬಿಡುತ್ತಿದ್ದ. ಮಹಾದೇವಮ್ಮ ಕರಿಬೇವು ಹಾಕುವುದನ್ನು ನಿಲ್ಲಿಸಿದಳು.

ಹತ್ತನೇ ದಿನ ಮಧ್ಯಾಹ್ನ ಅಂಗಡಿಗೆ ಸಣ್ಣತಿಮ್ಮಪ್ಪ ಬಂದ. ಏಕಾಂತಮ್ಮನ ಗಂಡ, ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಕೋಳಿ ಕೂಗುವ ಹೊತ್ತಿಗೆ ಇನ್ನೊಂದು ದಾರಿಯಿಂದ ಯಾರ್ಡಿಗೆ ಹೋದರೆ ಕತ್ತಲಾದಮೇಲೆ ಮನೆ ಸೇರುವವನು. ಮೂರನೇ ಅಡ್ಡರಸ್ತೆಯ ಕಡೆ ಅವನ ಕಾಲು ಬೀಳುತ್ತಿದ್ದುದು ಅಪರೂಪ.

“ಬಾರಪ್ಪ, ಕುಂತ್ಕ” ಎಂದ ರೇವಣಸಿದ್ದಪ್ಪ.

ಅವನು ಕೂರಲಿಲ್ಲ. “ಒಂದು ದೊಡ್ಡ ಕೊಳಗ ಬೇಕಾಗಿತ್ರಿ. ನೀವು ಮಗಳ ಹೆಸ್ರಲ್ಲಿ ತಟ್ಟೆ ಕೊಟ್ಟಿದ್ರಲ್ಲ ಇಸ್ಕೂಲಿಗೆ, ಹಂಗೇ ಇವಳ ಹೆಸ್ರಲ್ಲಿ ಒಂದು ಇರ್ಲಿ ಅಂತ. ಸಾರು ಮಾಡಾಕೆ. ಹೆಸ್ರು ಚಂದಾಗಿ ಹಾಕ್ರಿ.”

ಯಂತ್ರ ಗುಂಯ್ ಎಂದಿತು. ‘ಏ’ ಬರೆದ, ‘ಕಾಂ’ ಬರೆದ. ಮುಂದಿನ ಅಕ್ಷರಕ್ಕೆ ಸೂಜಿ ಜಾರಿ ಕೊಳಗದ ಮೈಮೇಲೆ ಉದ್ದಕ್ಕೆ ಗೀರು ಬಿತ್ತು. ಬೇರೆ ಕೊಳಗ ತೆಗೆದುಕೊಂಡು ಮೊದಲಿಂದ ಶುರುಮಾಡಿದ. ಸಣ್ಣತಿಮ್ಮಪ್ಪ ಅವಸರ ಮಾಡಲಿಲ್ಲ.

“ನಾಳೆ ಹನ್ನೊಂದನೇ ದಿನ” ಎಂದ ಅವನು. “ಅವಳದೂ ಒಂದು ಫ್ಲೆಕ್ಸ್ ಮಾಡ್ಸೀನಿ ಸಾವ್ಕಾರ್ರೆ. ನಿಮ್ಮ ಹುಡುಗೀದು ಮೂರು ದಿನ ಕಟ್ಟಿದ್ರಲ್ಲ, ಅದೇ ಕಂಬಕ್ಕೆ ಕಟ್ಟಾಣ ಅಂತ. ನಿಮ್ಮ ಮಗಳು ಅಂದ್ರೆ ಅವಳಿಗೆ ಪ್ರಾಣ. ಹೋಗಿದ್ದೂ ಅಲ್ಲೇ ನೋಡ್ರಿ. ಇಂಥಾ ಕೆಂಪು ಬೋರ್ಡು ಕಣ್ಣ ಮುಂದಿದ್ರೂ ನಿಲ್ಲಿಸಲಿಲ್ಲವಲ್ಲ ಆ ಪಾಪಿ.”

ರೇವಣಸಿದ್ದಪ್ಪ ಹೆಸರು ಮುಗಿಸಿ, ಕೊಳಗವನ್ನು ಬಟ್ಟೆಯಿಂದ ಒರೆಸಿ ಕೊಟ್ಟ. ಮೂರು ದಿನವಲ್ಲ ಎನ್ನಲು ಬಾಯಿ ತೆರೆದ. ಆಮೇಲೆ ಬಾಯಿ ಮುಚ್ಚಿ, ಗೀರು ಬಿದ್ದ ಕೊಳಗವನ್ನು ಎತ್ತಿ ಪಕ್ಕಕ್ಕಿಟ್ಟ.

ಮರುದಿನ ಬೆಳಗ್ಗೆ ಸಣ್ಣತಿಮ್ಮಪ್ಪ ಇಬ್ಬರು ನೆಂಟರನ್ನು ಕರೆದುಕೊಂಡು ಮೂಲೆಗೆ ಬಂದ. ಅಕ್ಕಪಕ್ಕದ ಮನೆಯವರು ಗೇಟಿಗೆ ಬಂದು ನಿಂತರು. ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವನು ಸ್ಟೂಲ್ ಹತ್ತಿದ. ರೇವಣಸಿದ್ದಪ್ಪ ಮನೆಯ ಮೆಟ್ಟಿಲ ಮೇಲಿಂದ ನೋಡುತ್ತಿದ್ದ. ಹನ್ನೊಂದನೇ ದಿನಕ್ಕೆಂದು ಮತ್ತೆ ಬಂದಿದ್ದ ಶಿವಕುಮಾರಪ್ಪ ಪಕ್ಕದಲ್ಲಿದ್ದ. ಮೊದಲ ಗಂಟು ಬಿತ್ತು. ಫ್ಲೆಕ್ಸಿನ ಅಂಚು ‘ನಿಲ್ಲಿ’ಯ ಅರ್ಧದವರೆಗೂ ಬಂತು. ಆ ಹೊತ್ತಿಗೆ ಸರಿಯಾಗಿ ದೊಡ್ಡ ರಸ್ತೆಯ ಕಡೆಯಿಂದ ಒಂದು ಟೆಂಪೊ ಒಳಕ್ಕೆ ತಿರುಗಿತು. ಬೋರ್ಡು ಕಂಡೋ, ಜನ ಕಂಡೋ, ನಿಂತು ಹೋಯಿತು.

ರೇವಣಸಿದ್ದಪ್ಪ ಇಳಿದು ನಡೆದ.

“ಸಣ್ಣತಿಮ್ಮಪ್ಪ, ಅಲ್ಲಿ ಬ್ಯಾಡಪ್ಪ.”

ಅವನು ಹಲ್ಲಿನಿಂದ ಹಗ್ಗ ತೆಗೆದು ಮೇಲಿಂದ ನೋಡಿದ. “ಯಾಕ್ರೀ?”

“ಬೋರ್ಡು ಮುಚ್ಚತೈತೆ.”

“ಮೂರು ದಿನ ಅಷ್ಟೇಯ. ನಿಮ್ದೂ ಇತ್ತಲ್ಲ.”

“ಕಟ್ಕಳ್ಳಿ ಬಿಡು ಭಾವ. ಒಳಗೆ ಬಾ” ಎಂದು ಶಿವಕುಮಾರಪ್ಪ ತೋಳು ಹಿಡಿದ.

ಅವನು ತೋಳು ಬಿಡಿಸಿಕೊಂಡ. “ಮೂರು ದಿನ ಅಲ್ಲ, ಮೂವತ್ನಾಲ್ಕು ದಿನ ಇತ್ತು. ನಿನ್ನ ಹೆಂಡ್ತಿ ಸಾಯೋವಾಗ್ಲೂ ಇಲ್ಲೇ ಇತ್ತು. ಆಮೇಲೆ ಬಿಚ್ಚಿದ್ದು. ಆ ಡ್ರೈವರ್ ಸುಳ್ಳು ಹೇಳಿಲ್ಲ. ಬೋರ್ಡು ಅವ್ನಿಗೆ ಕಂಡಿಲ್ಲ. ಕಾಣದಂಗೆ ಮಾಡಿದ್ದು ನಾನು.”

ಗೇಟುಗಳ ಹತ್ತಿರ ನಿಂತಿದ್ದವರೆಲ್ಲ ನೆಲ ನೋಡಿದರು. ನೆಂಟರನ್ನು ಬಿಟ್ಟರೆ ಗೊತ್ತಿಲ್ಲದವನು ಅಲ್ಲಿ ಒಬ್ಬನೇ ಇದ್ದ, ಅವನು ಸ್ಟೂಲಿನ ಮೇಲಿದ್ದ. ಅವನು ಕೈಯಲ್ಲಿದ್ದ ಹಗ್ಗ ಬಿಟ್ಟ.

“ಅವಳು ನಿಮಗೆ ಹೇಳಿರ್ಲಿಲ್ವಾ?”

“ಹೇಳಿದ್ಲು.”

“ಎಷ್ಟು ಸಲ?”

“ಒಂದೇ ಸಲ. ಎರಡ್ನೇ ಸಲ ಹೇಳದಂಗೆ ನಾನು ಅಂದುಬಿಟ್ಟೆ.”

ಏನಂದಿರಿ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ರೇವಣಸಿದ್ದಪ್ಪ ಹೇಳುತ್ತಿದ್ದ, ಬೀದಿಯ ನಡುವೆ ನಿಂತು ಆ ಮಾತನ್ನೂ ಹೇಳುತ್ತಿದ್ದ. ಸಣ್ಣತಿಮ್ಮಪ್ಪ ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತ. ಮೂಟೆ ಹೊತ್ತು ಗಟ್ಟಿಯಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಒಂದು ಏಟು ಬೀಳುತ್ತದೆಂದು ಎಲ್ಲರೂ ಕಾದರು. ರೇವಣಸಿದ್ದಪ್ಪನಂತೂ ಬೀಳಲಿ ಎಂದೇ ಕಾದ.

“ಹಂಗಾರೆ ಇವಳನ್ನ ಎಲ್ಲಿ ಕಟ್ಲಿ?” ಎಂದ ಸಣ್ಣತಿಮ್ಮಪ್ಪ.

“ನಮ್ಮ ಗೇಟಿಗೆ ಕಟ್ಟು.”

ಹಾಕಿದ್ದ ಗಂಟು ಬಿಚ್ಚಿಕೊಂಡು ಮೂರು ಮನೆ ದಾಟಿ ಗೇಟಿಗೆ ಬಂದರು. ನೆಂಟರು ಫ್ಲೆಕ್ಸನ್ನು ಎಲ್ಲರೂ ಕಟ್ಟುವಂತೆ ರಸ್ತೆಗೆ ಮುಖಮಾಡಿ ಹಿಡಿದರು.

“ಹಂಗಲ್ಲ. ಮುಖ ಒಳಕ್ಕೆ ಮಾಡ್ರಿ” ಎಂದ ರೇವಣಸಿದ್ದಪ್ಪ. “ರೋಡಿಗಿದ್ರೆ ಓದ್ಕಂಡು ಬರ್ತಾರೆ.”

ಅವರು ಸಣ್ಣತಿಮ್ಮಪ್ಪನ ಮುಖ ನೋಡಿದರು. ಅವನು ತಲೆಯಾಡಿಸಿದ. ಫ್ಲೆಕ್ಸನ್ನು ತಿರುಗಿಸಿ ಗೇಟಿನ ಸರಳುಗಳಿಗೆ ನಾಲ್ಕೂ ಮೂಲೆಯಲ್ಲಿ ಗಂಟು ಹಾಕಿದರು. ಕಟ್ಟಿ ಮುಗಿದಮೇಲೆ ಅವನು ನೆಂಟರೊಂದಿಗೆ ಹೊರಟುಹೋದ.

ರೇವಣಸಿದ್ದಪ್ಪ ಅಟ್ಟ ಹತ್ತಲೆಂದು ಒಳಗೆ ಹೋದ. ಅವನು ಹೋಗುವಷ್ಟರಲ್ಲಿ ಮಹಾದೇವಮ್ಮ ಸುರುಳಿ ಸುತ್ತಿದ್ದ ಫ್ಲೆಕ್ಸನ್ನು ಕೆಳಗಿಳಿಸಿ, ಧೂಳು ಒರೆಸಿ, ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ತಮ್ಮ ಏನೋ ಹೇಳಲು ಬಂದರೆ ಅವಳು ಅವನ ಕಡೆ ಒಂದು ಸಲ ನೋಡಿದಳು. ಶಿವಕುಮಾರಪ್ಪ ಹಿಂದೆ ಸರಿದ.

ಠಾಣೆಯಲ್ಲಿ ಹನುಮಂತಪ್ಪನವರು ಮೇಜಿನ ಮೇಲೆ ಫ್ಲೆಕ್ಸ್ ಬಿಚ್ಚಿಸಿ ನೋಡಿದರು. ಹಗ್ಗದ ತೂತುಗಳನ್ನು ನೋಡಿದರು, ಮಾಸಿದ ಕೆನ್ನೆಯನ್ನು ನೋಡಿದರು. “ಸುಳ್ಳು ಹೇಳಿಕೆ ಕೊಟ್ರಿ ಅಂತ ನಿಮ್ಮ ಮೇಲೂ ಬರ್ತೈತೆ. ಬಿಚ್ಚಿದೋರ ಮೇಲೂ ಬರ್ತೈತೆ. ಯೋಚ್ನೆ ಮಾಡೀರಾ?” ಎಂದರು.

“ಬರ್ಕಳ್ರಿ ಸಾರ್” ಎಂದ ಅವನು. ಹೇಳಿದ್ದನ್ನೆಲ್ಲ ಅವರು ಬರೆದುಕೊಂಡರು. ಫ್ಲೆಕ್ಸ್ ಅಲ್ಲೇ ಉಳಿಯಿತು, ಅದು ಇನ್ನು ಕೇಸಿನ ವಸ್ತು. ಮಗಳನ್ನು ಠಾಣೆಯಲ್ಲಿ ಬಿಟ್ಟು ಬಂದಂತೆ ಅನಿಸಿ ಅವನು ಬಾಗಿಲವರೆಗೂ ಬಂದು ಒಮ್ಮೆ ಹಿಂತಿರುಗಿದ. ಆಮೇಲೆ ನಡೆದ.

ಮನೆಯ ಹತ್ತಿರ ಬಂದಾಗ ಮೂರು ಗಂಟೆಯ ಬಿಸಿಲು. ಮೂಲೆಯಲ್ಲಿ ಬೋರ್ಡು ದೂರದಿಂದಲೇ ಕಾಣುತ್ತಿತ್ತು. ರಸ್ತೆಯಿಂದ ನೋಡಿದರೆ ತನ್ನ ಗೇಟಿಗೆ ಯಾರೋ ಬರೀ ಬಿಳಿ ಬಟ್ಟೆ ಕಟ್ಟಿದಂತಿತ್ತು. ಗೇಟು ತಳ್ಳಿ ಒಳಗೆ ಬಂದ. ಎದುರಿಗೆ ಮೆಟ್ಟಿಲ ಮೇಲೆ ಮಹಾದೇವಮ್ಮ ಕೂತಿದ್ದಳು.

“ಎಷ್ಟು ದಿನ ಇರ್ಲಿ ಅಂದ್ರು?” ಎಂದು ಗೇಟಿನ ಫ್ಲೆಕ್ಸ್ ಕಡೆ ನೋಡುತ್ತ ಕೇಳಿದಳು.

“ಕೇಳಿಲ್ಲ.”

ಅವನು ತಿರುಗಿ ಗೇಟು ಮುಚ್ಚಿದ. ಅಗುಳಿ ಬಿದ್ದಾಗ ಏಕಾಂತಮ್ಮನ ಮುಖ ನೇರವಾಗಿ ಮನೆಯ ಬಾಗಿಲಿಗೆ ತಿರುಗಿ ನಿಂತಿತು. ಶಾಲೆಯ ಗುರುತಿನ ಚೀಟಿಯಿಂದ ತೆಗೆದು ದೊಡ್ಡದು ಮಾಡಿಸಿದ ಫೋಟೋ, ಅದರಲ್ಲಿ ಅವಳು ನಕ್ಕಿರಲಿಲ್ಲ. ಅವನು ಹೋಗಿ ಹೆಂಡತಿಯ ಪಕ್ಕ ಕೂತ.